ಹಗ್ಗದ ಮೊದಲ ಕೈ

ನಾನು ಯಾರು ಗೊತ್ತಾ ನಿಮಗೆ? ಗೊತ್ತಿಲ್ಲ ಅಂದರೆ ತಪ್ಪು ನಿಮ್ಮದು. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ‘ಡೈಲಾಗ್ ದುರುಗೇಶ್’ ಅಂತ ಕೇಳಿ ನೋಡಿ, ಆಟೋದವರು ಬಾಡಿಗೆ ಹೇಳುವ ಮುಂಚೆ ನನ್ನ ಕಥೆ ಹೇಳುತ್ತಾರೆ. ನನ್ನ ತೂಕ ನಲವತ್ತನಾಲ್ಕು ಕಿಲೋ. ಅಂಗಿಯೊಳಗೆ ನನಗಿಂತ ಗಾಳಿಯೇ ಜಾಸ್ತಿ. ಆದರೆ ಇದೇ ನಲವತ್ತನಾಲ್ಕು ಕಿಲೋ, ಸಂಡೂರಿನ ಮೈದಾನದಲ್ಲಿ, ಮೂರು ಸಾವಿರ ಜನ ಸೀಟಿ ಹೊಡೆಯುತ್ತಿರುವಾಗ, ಅದಿರು ಹೊತ್ತು ಹೊತ್ತು ತಾವೇ ಅದಿರಾದ ಎಂಟು ಜನ ಬಂಡ್ರಿ ಗಂಡಸರನ್ನು ಹದಿಮೂರು ಅಡಿ ಎಳೆದು ತಂದಿದೆ. ವಿಡಿಯೋ ಇದೆ. ನಲವತ್ತು ಸಾವಿರ ಜನ ನೋಡಿದ್ದಾರೆ. ಅದರಲ್ಲಿ ಮೊದಲು ಕಾಣುವ ಮುಖ ನನ್ನದು, ಕೇಳುವ ದನಿಯೂ ನನ್ನದೇ: “ಬಂಡ್ರಿಯಿಂದ ನಡಕೊಂತ ಬಂದ್ರಿ, ಇಲ್ಲಿಂದ ತೆವಳಿಕೊಂತ ಹೋಗ್ರಿ!”

ವಿಡಿಯೋ ಅಲ್ಲಿಗೇ ಮುಗಿಯುತ್ತದೆ. ಅಲ್ಲಿಗೇ ಮುಗಿಯುವ ಹಾಗೆ ಕತ್ತರಿಸಿದವನೂ ನಾನೇ.

ಮುಂದಿನದು ಹೇಳುತ್ತೇನೆ. ಆದರೆ ಬಿಲ್ಡಪ್ ಇಲ್ಲದೆ ಹೇಳಲಾರೆ. ಬಿಲ್ಡಪ್ ಇಲ್ಲದೆ ಎಂಟ್ರಿ ಕೊಡುವವನು ಹೀರೋ ಅಲ್ಲ, ಕೊರಿಯರ್‌ನವನು.

ನಮ್ಮದು ಹಗ್ಗ ಜಗ್ಗಾಟ. ಆ ಕಡೆ ಎಂಟು ಜನ, ಈ ಕಡೆ ಎಂಟು ಜನ. ತೋಳಿನಲ್ಲಿ ದಮ್ಮಿದ್ದರೆ ಸಾಕು ಅಂದುಕೊಳ್ಳಬೇಡಿ. ದೊಡ್ಡ ಪಂದ್ಯಗಳಲ್ಲಿ ಮೊದಲು ತೂಕ ಹಾಕುತ್ತಾರೆ. ಎಂಟೂ ಜನರ ತೂಕ ಕೂಡಿಸಿದರೆ ಐನೂರು ಕಿಲೋ ದಾಟಬಾರದು. ಒಬ್ಬೊಬ್ಬ ಎಷ್ಟಿದ್ದಾನೆ ಅಂತ ಯಾರೂ ಕೇಳುವುದಿಲ್ಲ, ಎಲ್ಲರೂ ಸೇರಿ ಎಷ್ಟು ಅಂತಷ್ಟೇ. ಹಾಗಾಗಿ ಒಬ್ಬನ ಹೊಟ್ಟೆ ಎಲ್ಲರ ಹೊಟ್ಟೆ. ನಮ್ಮ ಕೊಟ್ರಬಸಪ್ಪ ಎಂಬತ್ತು ಕಿಲೋ. ಅವನು ತಿಂದ ಮಿರ್ಚಿಗೆಲ್ಲ ತಕ್ಕಡಿಯ ಮೇಲೆ ಜವಾಬು ಕೊಡುತ್ತಿದ್ದವನು ನಾನು. ನಾನಿಲ್ಲದೆ ತಂಡ ಐನೂರರೊಳಗೆ ಇಳಿಯುತ್ತಿರಲಿಲ್ಲ.

ಕಮಲಾಪುರದ ಬಾಳೆ ಗೋದಾಮಿನಲ್ಲಿ ಗೊನೆಗಳ ತೂಕ ಓದಿ ಹೇಳುವುದು ನನ್ನ ಕೆಲಸ. ಅಲ್ಲಿದ್ದದ್ದು ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿ. ಗೊನೆ ಜಜ್ಜಬಾರದೆಂದು ಅದರ ಮೇಲೆ ಸದಾ ಒಂದು ಗೋಣಿಚೀಲ ಮಡಚಿ ಹಾಸಿರುತ್ತಿತ್ತು. ಗೊನೆ ಬರುವುದು ತಡವಾದರೆ ಆ ಚೀಲದ ಮೇಲೆ ಒಂದು ಕಾಲಿಟ್ಟು, ಸೊಂಟದ ಮೇಲೆ ಕೈಯಿಟ್ಟು, ವಿಲನ್ ಕಾರಿನ ಬಾನೆಟ್ ತುಳಿದ ಹೀರೋ ತರ ನಿಲ್ಲುವುದು ನನ್ನ ಚಟ.

ಅಲ್ಲಿ ಲಾರಿಗೆ ಗೊನೆ ತುಂಬುವ ಗ್ಯಾಂಗಿಗೆ ಕಾಳಪ್ಪ ಕಾಕಾ ಹಿರಿಯರು. ಐವತ್ತರ ಹತ್ತಿರದ ವಯಸ್ಸು, ಎತ್ತಿನಂಥ ಹೆಗಲು. ಸಂಜೆ ಲಾರಿ ಹೋದ ಮೇಲೆ ಗ್ಯಾಂಗಿನ ಏಳು ಜನ ಗೋದಾಮಿನ ಹಿಂದಿನ ಬೇವಿನ ಮರಕ್ಕೆ ಹಗ್ಗ ಕಟ್ಟಿ ಜಗ್ಗುತ್ತಿದ್ದರು. ಒಬ್ಬ ಎಳೆಯುವಾಗ ಇನ್ನೊಬ್ಬ ಉಸಿರು ಬಿಡುತ್ತಿದ್ದ. ಕೆಟ್ಟ ಫೈಟ್ ಸೀನ್ ನೋಡಿದ ಹಾಗಿತ್ತು. ಒಂದು ದಿನ ತಡೆಯಲಾಗದೆ ಕಿಟಕಿಯಿಂದಲೇ ಒದರಿದೆ.

“ಯಾವನ್ಲೇ ಈ ಮರ? ನಮ್ಮ ಏರಿಯಾದಾಗ ನಿಂತು ನಮ್ಮನ್ನೇ ಗುರಾಯಿಸ್ತಾನ? ಕಾಲು ಊರ್ರಿ! ಹಲ್ಲು ಕಚ್ಚ್ರಿ! ಐಸಾ!”

ಎಲ್ಲರೂ ನಕ್ಕರು. ನಗುತ್ತಲೇ ಎಳೆದರು. ಏಳೂ ಜನ ಒಂದೇ ಉಸಿರಿಗೆ ಎಳೆದದ್ದು ಅದೇ ಮೊದಲು. ಮರದಿಂದ ಎಲೆ ಉದುರಿತು.

ಕಾಕಾ ಹಗ್ಗ ಬಿಟ್ಟು ಕಿಟಕಿಯ ಕಡೆ ನೋಡಿದರು. “ಲೇ ಸಣ್ಯಾ, ಇನ್ನೊಮ್ಮೆ ಒದರು.”

“ಎರಡನೇ ಶೋಗೆ ಟಿಕೆಟ್ ಆಗ್ತೈತಿ ಕಾಕಾ.”

“ಒದರಲೇ ಅಂದ್ರ! ಹೊರಗ ಬಂದು ಒದರು.”

ಹೊರಗೆ ಹೋದೆ. ಹಗ್ಗದ ಮುಂದಿನ ತುದಿ ನನ್ನ ಕೈಗೆ ಕೊಟ್ಟರು. ನಾನು ಎಂಟನೆಯವನಾದೆ.

ಮುಂದಿನವನು ಎದುರಾಳಿಗೆ ಮುಖ ಕೊಟ್ಟು ನಿಲ್ಲುತ್ತಾನೆ. ಕೊನೆಯವನು ಹಗ್ಗವನ್ನು ಬೆನ್ನಿನಿಂದ ಹೆಗಲಿಗೆ ಸುತ್ತಿಕೊಂಡು ನೆಲಕ್ಕೆ ಗೂಟ ಹೊಡೆದ ಹಾಗೆ ನಿಲ್ಲುತ್ತಾನೆ. ಮೊದಲ ಕೈ ನನ್ನದು, ಕೊನೆಯ ಹೆಗಲು ಕಾಕಾನದು. ಆಟದಲ್ಲಿ ನಾನು ಅವರನ್ನು ಒಮ್ಮೆಯೂ ತಿರುಗಿ ನೋಡಿದ್ದಿಲ್ಲ. ಅವರಿದ್ದಾರೆ ಅಂತ ಹಗ್ಗವೇ ಹೇಳುತ್ತಿತ್ತು.

ಇಲ್ಲಿ ಸ್ವಲ್ಪ ಫ್ಲ್ಯಾಶ್‌ಬ್ಯಾಕ್. ಹಾಡಿಲ್ಲ, ಹೆದರಬೇಡಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾಗಿ ಗುಂತಕಲ್ ಕಡೆ ಹೋದ. ಅಂದಿನಿಂದ ಹೊಸಪೇಟೆಯಲ್ಲಿ ಸೋದರಮಾವನ ಮನೆ. ಮಾವ, ಅತ್ತೆ ಕೆಟ್ಟವರಲ್ಲ, ಒಂದು ಹೊತ್ತೂ ಉಪವಾಸ ಕೆಡವಿಲ್ಲ. ಆದರೆ ಆ ಮನೆಯ ಸ್ಟೀಲ್ ತಟ್ಟೆಗಳ ಅಂಚಿಗೆಲ್ಲ ಹೆಸರು ಕೊರೆಸಿದೆ. ಮಾವನ ತಟ್ಟೆಗೆ ಮಾವನ ಹೆಸರು, ಅತ್ತೆಯದಕ್ಕೆ ಅತ್ತೆಯ ಹೆಸರು, ಅವರ ಮಗಳು ರಮಾಳ ತಟ್ಟೆಗೆ ಅವಳ ಹೆಸರು. ಹತ್ತು ವರ್ಷ ನಾನು ಉಂಡದ್ದು ಯಾರೋ ಉಡುಗೊರೆ ಕೊಟ್ಟ, ‘ಗೃಹಪ್ರವೇಶದ ನೆನಪಿಗೆ’ ಎಂದು ಬರೆದ ತಟ್ಟೆಯಲ್ಲಿ.

ಭಾನುವಾರ ಅಭ್ಯಾಸ ಮುಗಿದ ಮೇಲೆ ಇಡೀ ತಂಡಕ್ಕೆ ಕಾಕಾನ ಮನೆಯಲ್ಲೇ ಊಟ. ಕಾಕಾನ ಹೆಂಡತಿ ಪಕೀರಮ್ಮನನ್ನು ನಾವೆಲ್ಲ ಚಿಗವ್ವ ಅನ್ನುತ್ತಿದ್ದೆವು. ಗೋದಾಮಿನಲ್ಲಿ ಉಳಿದ ಹರುಕು ಬಾಳೆ ಎಲೆಗಳನ್ನೇ ತೊಳೆದು ಸಾಲಾಗಿ ಹಾಸುತ್ತಿದ್ದಳು. ಮೊದಲ ದಿನ ನಾನು ಅಭ್ಯಾಸಬಲದಿಂದ ಬಾಗಿಲ ಹತ್ತಿರ ಕೂತೆ.

“ಅಲ್ಯಾಕ ಕುಂತೀ? ಬಾಗಿಲ ಕಾಯಾಕ ನಾಯಿ ಐತಿ. ಒಳಗ ಬಾ, ನಿಮ್ಮ ಕಾಕಾನ ಬಾಜು ಕುಂದ್ರು,” ಅಂದಳು ಚಿಗವ್ವ.

ನಾನು ಎದ್ದೆ. ಹೋಗಿ ಕೂತೆ. ಎಲೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಮುಂದಿನ ಭಾನುವಾರ ಕೊಟ್ರಬಸಪ್ಪ ಆ ಜಾಗದಲ್ಲಿ ಕೂರಲು ಹೋದಾಗ ಚಿಗವ್ವ “ಏ, ಅದು ದುರುಗಂದು” ಅಂದಳು. ಅವನು ಎದ್ದು ಆಚೆ ಸರಿದ. ಅಷ್ಟೇ ನಡೆದದ್ದು. ಆವತ್ತು ಬಸ್ಸಿನಲ್ಲಿ ಹೊಸಪೇಟೆ ಬರುವ ತನಕ ಅದೇ ಮಾತನ್ನು ಬಾಯೊಳಗೆ ಆಡಿಸಿಕೊಂಡು ಬಂದೆ: ಅದು ದುರುಗಂದು, ಅದು ದುರುಗಂದು.

ಕಂಪ್ಲಿಯಲ್ಲಿ ಗೆದ್ದೆವು. ಅಲ್ಲಿಯ ಅಕ್ಕಿ ಗಿರಣಿಯ ಹಮಾಲರನ್ನು ನಗಿಸಿ ನಗಿಸಿಯೇ ಸೋಲಿಸಿದೆ ನಾನು. ಆಮೇಲೆ ಬಂಡ್ರಿಯವರ ಜೊತೆ ಅವರೂರಿನಲ್ಲೇ ಒಂದು ಅಭ್ಯಾಸದ ಪಂದ್ಯ ಆಡಿದೆವು. ವಾಪಸು ಬರುವಾಗ ರಸ್ತೆ ಬದಿ ಬಿದ್ದಿದ್ದ ಕೆಂಪು ಅದಿರು ಕಲ್ಲೊಂದನ್ನು ಕೊಟ್ರಬಸಪ್ಪನ ಬ್ಯಾಗಿಗೆ ಸೇರಿಸಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಚಪ್ಪಟೆ, ಆದರೆ ಎರಡು ಕಿಲೋ. ಕಮಲಾಪುರದ ತನಕ ಹೊತ್ತು ತಂದು ಅವನು ಬ್ಯಾಗ್ ಬಿಚ್ಚಿದ.

“ಇದ್ಯಾವಂದಲೇ ಕೆಲಸ?”

“ಗಣಿ ಧಣಿ ಆದೀಪಾ ನೀನು! ಇನ್ಮ್ಯಾಲ ನಮ್ಮನ್ನ ಮರೀಬ್ಯಾಡ,” ಅಂದೆ. ಕಾಕಾ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆ ಕಲ್ಲು ಗೋದಾಮಿನ ಬಾಗಿಲು ಗಾಳಿಗೆ ಬಡಿಯದ ಹಾಗೆ ಆನಿಸಿಡಲು ಉಪಯೋಗಕ್ಕೆ ಬಂತು.

ಸಂಡೂರಿನ ಫೈನಲ್ಲಿಗೆ ಎರಡು ವಾರ ಇರುವಾಗ ಸಿದ್ದಲಿಂಗೇಶ್ ಅಭ್ಯಾಸಕ್ಕೆ ಬಂದ. ಪಾಪಿನಾಯಕನಹಳ್ಳಿಯ ಹುಡುಗ, ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ, ಅರವತ್ತು ಕಿಲೋ. ಮೈಯಲ್ಲಿ ಒಂದು ತೊಲ ಬೊಜ್ಜಿಲ್ಲ. ಒಬ್ಬನೇ ಹಗ್ಗ ಹಿಡಿದ ಅಂದರೆ ಬೇವಿನ ಮರ ನನ್ನ ಕಡೆ ನೋಡಿ ‘ನೀನು ಇಷ್ಟು ದಿನ ಏನು ಮಾಡುತ್ತಿದ್ದೆ’ ಅಂತ ಕೇಳಿದ ಹಾಗಾಯಿತು. ಮಾತು ಕಮ್ಮಿ, ಒಳ್ಳೆಯವನು. ಒಳ್ಳೆಯವನಾಗಿದ್ದದ್ದೇ ಕಷ್ಟ. ವಿಲನ್ ಆಗಿದ್ದರೆ ಸುಲಭ ಇತ್ತು.

ಒಂದು ಸಂಜೆ ಕಾಕಾ ಅವನಿಗೆ ಹೇಳುವುದು ಕಿವಿಗೆ ಬಿತ್ತು. “ತೂಕದಾಗ ಜಾಗ ಆದ್ರ ನಿನ್ನ ತಗೊಂತೀವಿ ನೋಡಪಾ. ಬ್ಯಾಗ್ ತಗೊಂಡು ಸಂಡೂರಿಗೆ ಬಾ.”

ಯಾರ ಜಾಗ? ಎಂಟರಲ್ಲಿ ತೆಗೆಯುವಂಥವನು ಇನ್ಯಾರು? ಅವರೆಲ್ಲ ಎಳೆಯುವವರು. ನಾನು ಒದರುವವನು. ತೂಕ ಹೊಂದಿಸಲು ಇಟ್ಟುಕೊಂಡವನು.

ಫೈನಲ್ಲಿಗೆ ಹತ್ತು ದಿನ ಇರುವಾಗ ಗೋದಾಮಿನ ತಕ್ಕಡಿಯ ಮೇಲೆ ಎಲ್ಲರ ತೂಕ ಹಾಕಿದೆವು. ಕಾಕಾ ನನ್ನ ಮಾತು ನಂಬುವವರಲ್ಲ. “ನಿನ್ನ ಬಾಯಿ ಬ್ಯಾಡ, ನನ್ನ ಕಣ್ಣು ಸಾಕು,” ಎಂದು ಪ್ರತಿಯೊಬ್ಬನ ಅಂಕಿಯನ್ನೂ ಬಗ್ಗಿ ನೋಡಿದರು. ನಾನೇ ನಲವತ್ತಾರು ಬಂದೆ. “ನೋಡ್ರಿ, ಹೀರೋ ಬಾಡಿ ಬರಾಕತ್ತೈತಿ,” ಅಂದೆ. ಎಂಟೂ ಕೂಡಿಸಿದರೆ ಐನೂರ ಆರು. ಆರು ಕಿಲೋ ಜಾಸ್ತಿ.

ಸಿದ್ದಲಿಂಗೇಶನ ಮಾತು ಅಲ್ಲಿಗೇ ನಿಂತಿತು. ಆದರೆ ಇನ್ನೊಂದು ಶುರುವಾಯಿತು. “ಹತ್ತು ದಿನದಾಗ ಆರು ಕಿಲೋ ಇಳಿಸಬೇಕು. ಎಲ್ಲಾರೂ ಸ್ವಲ್ಪ ಸ್ವಲ್ಪ,” ಅಂದರು ಕಾಕಾ.

ಹಗಲೆಲ್ಲ ಗೊನೆ ಹೊರುವ ಗಂಡಸರು ಊಟ ಬಿಟ್ಟರು. ಬೆಳಿಗ್ಗೆ ಚಹಾ, ಮಧ್ಯಾಹ್ನ ಎರಡು ಬಾಳೆಹಣ್ಣು, ಸಂಜೆ ಕಾಲುವೆ ದಂಡೆಯ ಮೇಲೆ ಓಟ. ಕೊಟ್ರಬಸಪ್ಪ ಮಿರ್ಚಿ ಬಂಡಿಯ ಮುಂದೆ ಕಣ್ಣು ಮುಚ್ಚಿಕೊಂಡು ನಡೆದು ಎಮ್ಮೆಗೆ ಡಿಕ್ಕಿ ಹೊಡೆದ. ನಾನು ಅದನ್ನು ವಿಡಿಯೋ ಮಾಡಿದೆ. ಎಲ್ಲರಿಗಿಂತ ಕಮ್ಮಿ ಉಂಡವರು ಕಾಕಾ. “ಹಿರೇಮನುಷ್ಯ ನಾನು. ನಾ ಉಂಡು ಹುಡುಗರಿಗೆ ಬ್ಯಾಡ ಅನ್ನಾಕ ಆಗ್ತತೇನು?” ಅನ್ನುತ್ತಿದ್ದರು.

ಆ ಭಾನುವಾರ ಎಲೆ ಹಾಸಿದಾಗ ಚಿಗವ್ವ ಕಾಕಾನ ಎಲೆಯಲ್ಲಿ ಉಳಿದಿದ್ದ ಅರ್ಧ ರೊಟ್ಟಿಯನ್ನು ನನ್ನ ಎಲೆಗೆ ಹಾಕಿದಳು. “ನೀನರ ಉಣ್ಣಪ್ಪ. ನಿನ್ನ ಮೈಯಾಗ ಇಳಸಾಕ ಏನೈತಿ?”

ನಾನು ಉಂಡೆ.

ಒಂಬತ್ತನೇ ದಿನ ಅದೇ ತಕ್ಕಡಿ, ಸರಿಯಾಗಿ ಐನೂರು ತೋರಿಸಿತು. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಕಾಕಾನ ಕುತ್ತಿಗೆಯ ಕೆಳಗಿನ ಎಲುಬು ಎರಡೂ ಎದ್ದು ಕಾಣುತ್ತಿದ್ದವು.

ಸಂಡೂರಿನಲ್ಲಿ ಬೆಳಿಗ್ಗೆ ಎಂಟಕ್ಕೆ ತೂಕ. ರೆಫರಿ ಒಬ್ಬೊಬ್ಬರನ್ನೇ ಹತ್ತಿಸಿ, ಕೂಡಿಸಿ, ಮೈಕಿನಲ್ಲಿ ಹೇಳಿದರು: “ಕಮಲಾಪುರ ತಂಡ, ನಾನೂರ ಎಂಬತ್ನಾಲ್ಕು.”

ಕಾಕಾ ಅರ್ಥವಾಗದೆ ನಿಂತರು. “ಸಾರ್, ಇನ್ನೊಮ್ಮೆ ನೋಡ್ರಿ.”

ಇನ್ನೊಮ್ಮೆ ನೋಡಿದರು. ನಾನೂರ ಎಂಬತ್ನಾಲ್ಕು.

“ಹದಿನಾರು ಕಿಲೋ ಕಮ್ಮಿ! ಹದಿನಾರು ಕಿಲೋ ಮಿರ್ಚಿ ಬಿಟ್ಟೀನಲೇ ನಾ!” ಎಂದು ಕೊಟ್ರಬಸಪ್ಪ ತಲೆ ಹಿಡಿದುಕೊಂಡು ನೆಲಕ್ಕೆ ಕೂತ. ಯಾರೋ ನಕ್ಕರು. ಆಮೇಲೆ ಅವನೇ ಎದ್ದು ಮೆಲ್ಲಗೆ ಹೇಳಿದ. “ಕಾಕಾ, ಇನ್ನೂ ಟೈಮೈತಿ. ದುರುಗನ್ನ ತಗದು ಸಿದ್ದಲಿಂಗೇಶನ್ನ ಹಾಕಿದ್ರ ಸರಿಯಾಗಿ ಐನೂರು ಆಗ್ತತಿ.”

ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಗೊತ್ತಾಗುತ್ತಿತ್ತು. ಸಿದ್ದಲಿಂಗೇಶ್ ತನ್ನ ಬ್ಯಾಗಿನ ಪಟ್ಟಿ ತಿರುವುತ್ತ ನಿಂತಿದ್ದ. ನಾನು ಆಗಲೇ ಬೂಟಿನ ಲೇಸ್ ಬಿಚ್ಚಲು ಬಗ್ಗಿದ್ದೆ.

“ಲೇಸ್ ಕಟ್ಟಲೇ,” ಅಂದರು ಕಾಕಾ. ಆಮೇಲೆ ಕೊಟ್ರಬಸಪ್ಪನ ಕಡೆ ತಿರುಗಿದರು. “ತೂಕಕ್ಕಂತ ಇಟ್ಕೊಂಡಿದ್ವೇನು ಇವನ್ನ? ಇವ ಒದರಿಲ್ಲಾಂದ್ರ ನನಗ ಯಾವಾಗ ಜಗ್ಗಬೇಕಂತ ತಿಳಿಯಂಗಿಲ್ಲ. ಸಿದ್ದಲಿಂಗೇಶನ್ನ ಕರದಿದ್ದು ಯಾರಿಗರ ಹುಷಾರಿಲ್ಲಾಂದ್ರ ಇರ್ಲಿ ಅಂತ. ಮಾತು ಮುಗೀತು.”

ಹನ್ನೊಂದಕ್ಕೆ ಆಟ. ಮೂರರಲ್ಲಿ ಎರಡು ಎಳೆತ ಗೆದ್ದವರು ಗೆದ್ದ ಹಾಗೆ. ಮೊದಲನೆಯದನ್ನು ನಾವೇ ಎಳೆದೆವು. ವಿಡಿಯೋದಲ್ಲಿ ಇರುವುದು ಅದೇ. ಅಷ್ಟರಲ್ಲಿ ನಮ್ಮವರ ಒಳಗಿದ್ದದ್ದೆಲ್ಲ ಖಾಲಿಯಾಗಿತ್ತು. ಎರಡನೆಯದು ಅವರಿಗೆ ಹೋಯಿತು. ಮೂರನೆಯದರಲ್ಲಿ ಹಗ್ಗ ಎರಡು ನಿಮಿಷ ಅಲ್ಲಾಡಲಿಲ್ಲ. ಬಂಡ್ರಿಯ ಮುಂದಿನವನ ಮುಖ ನನ್ನ ಮುಂದೆಯೇ ಇತ್ತು. ಅವನ ಕಣ್ಣು ಸೋಲುತ್ತಿತ್ತು. ಇನ್ನೊಂದು ಚೂರು ಅಂದುಕೊಂಡೆ.

“ಬಿಡಬ್ಯಾಡ್ರಿ! ಹಿಡೀರಿ! ಸತ್ರೂ ಇಲ್ಲೇ ಸಾಯ್ರಿ, ಹಿಡೀರಿ!”

ನಾನು ಹಿಡೀರಿ ಅಂದೆ, ಅವರು ಹಿಡಿದರು. ಆಮೇಲೆ ಹಗ್ಗದಲ್ಲಿ ಏನೋ ಸಣ್ಣಗೆ ನಡುಗಿತು. ನಡುಕ ಹಿಂದಿನ ತುದಿಯಿಂದ ಬಂದು ನನ್ನ ಅಂಗೈಗೆ ತಾಗಿತು. ಮರುಕ್ಷಣ ಹಿಂದಿನ ಕಡೆ ಹಗ್ಗ ಹಗುರಾಯಿತು, ನಾನು ಮುಖ ಅಡಿಯಾಗಿ ಕೆಂಪು ಮಣ್ಣಿನಲ್ಲಿದ್ದೆ.

ಆಗ ಮೊದಲ ಸಲ ತಿರುಗಿ ನೋಡಿದೆ. ಕಾಕಾ ಮಂಡಿ ಕುಸಿದು ಬಿದ್ದಿದ್ದರು. ಹೆಗಲಿಗೆ ಸುತ್ತಿದ ಹಗ್ಗ ಅವರನ್ನು ಅಷ್ಟು ದೂರ ಎಳೆದು ತಂದಿತ್ತು. ಬಲಗೈ ಇರಬಾರದ ಕಡೆ ತಿರುಗಿತ್ತು. ಅವರು ನನ್ನನ್ನು ನೋಡಿ “ಸಾಲಲಿಲ್ಲಲೇ” ಅಂದರು. ಕ್ಷಮೆ ಕೇಳುವ ಹಾಗೆ.

ಹೆಗಲು ಕೂಡಿತು, ಆದರೆ ಮೊದಲಿನ ಹಾಗಲ್ಲ. ಗೊನೆ ಹೊರುವ ಹಾಗಿಲ್ಲ ಅಂದರು ಡಾಕ್ಟರು. ಈಗ ಗೋದಾಮಿನಲ್ಲಿ ತಕ್ಕಡಿಯ ಮುಂದೆ ಕೂತು ತೂಕ ಓದುವವರು ಅವರೇ. ನನ್ನ ಕುರ್ಚಿಯಲ್ಲಿ. ಪಂದ್ಯ ಮುಗಿದ ವಾರವೇ ನಾನು ಕೆಲಸ ಬಿಟ್ಟೆ, ಹೊಸಪೇಟೆಯ ಒಂದು ಮೊಬೈಲ್ ಅಂಗಡಿ ಸೇರಿದೆ. ತಂಡದವರು ತಕ್ಕಡಿಯನ್ನು ಬೈದರು. ರಿಪೇರಿಯವನು ಬಂದು ನೋಡಿ, ತಕ್ಕಡಿ ಚಿನ್ನದಂಗೈತಿ ಅಂದ. ಹಾಗಾದರೆ ಸಂಡೂರಿನವರೇ ಮೋಸ ಮಾಡಿದರು ಅಂತ ಅವರನ್ನು ಬೈದರು. ನಾನೂ ಚಹಾ ಅಂಗಡಿಗಳಲ್ಲಿ ಇದನ್ನೇ ಹೇಳಿಕೊಂಡು ತಿರುಗಿದೆ. ಕೇಳಿದವರೆಲ್ಲ ಪಾಪ ಅಂದರು.

ಭಾನುವಾರ ಭಾನುವಾರ ಕಾಕಾ ಫೋನ್ ಮಾಡುತ್ತಾರೆ. “ಬಾರಲೇ ಸಣ್ಯಾ. ಮರ ನಿಂತು ಗುರಾಯಿಸಾಕತ್ತೈತಿ. ಹುಡುಗರು ಜಗ್ಗೋದು ನೋಡಿದ್ರ ನಗು ಬರ್ತತಿ, ಒಬ್ಬಂದು ಹಿಂಗ, ಒಬ್ಬಂದು ಹಂಗ.”

“ಅಂಗಡಿ ಐತ್ರಿ ಕಾಕಾ.”

“ಭಾನುವಾರಾನೂ?”

“ಹೂಂ ರೀ.”

ಹಿಂದಿನಿಂದ ಚಿಗವ್ವನ ದನಿ ಕೇಳುತ್ತದೆ. “ಅವನ ಎಲಿ ಹಾಸಲ್ಯೋ ಬ್ಯಾಡೋ ಕೇಳ್ರಿ.”

ಭಾನುವಾರ ಅಂಗಡಿಗೆ ರಜೆ.

ಸರಿ. ಬಿಲ್ಡಪ್ ಮುಗಿಯಿತು, ಇನ್ನು ಹೇಳಿಬಿಡುತ್ತೇನೆ. ಸಂಡೂರಿನ ತಕ್ಕಡಿ ಸರಿಯಾಗಿತ್ತು. ನಮ್ಮದೂ ಸರಿಯಾಗಿತ್ತು. ಕಾಕಾ ಸಿದ್ದಲಿಂಗೇಶನ ಜೊತೆ ಮಾತಾಡಿದ ಮೇಲೆ, ಒಬ್ಬೊಬ್ಬರನ್ನೇ ಏನೋ ತಮಾಷೆ ಮಾಡಿ ತಕ್ಕಡಿ ಹತ್ತಿಸಿ, ಕೂಡಿಸಿ ನೋಡಿದ್ದೆ. ನಾನೂರ ತೊಂಬತ್ತಿತ್ತು. ಸಿದ್ದಲಿಂಗೇಶ್ ನನಗಿಂತ ಹದಿನಾರು ಕಿಲೋ ಜಾಸ್ತಿ. ಇನ್ನು ಆರು ಕಿಲೋ ಇಳಿದರೆ ಅವನು ಒಳಗೆ, ನಾನು ಹೊರಗೆ. ಆ ಭಾನುವಾರದ ಎಲೆ, ಕಾಕಾನ ಬಾಜಿನ ಜಾಗ, ಎಲ್ಲ ಹೊರಗೆ. ಅದಕ್ಕೇ ಬಂಡ್ರಿಯ ಆ ಎರಡು ಕಿಲೋ ಕಲ್ಲನ್ನು, ತಕ್ಕಡಿ ಆನ್ ಮಾಡಿ ಸೊನ್ನೆ ಬಂದ ಮೇಲೆ, ಗೋಣಿಚೀಲದ ಮಡಿಕೆಯೊಳಗೆ ಸೇರಿಸಿದೆ. ಖಾಲಿ ತಕ್ಕಡಿ ಎರಡು ಕಿಲೋ ತೋರಿಸುವುದು ಯಾರಿಗೂ ಕಾಣದ ಹಾಗೆ, ಒಬ್ಬ ಇಳಿದು ಇನ್ನೊಬ್ಬ ಹತ್ತುವ ತನಕ ಹೀರೋ ತರ ಅದರ ಮೇಲೆ ಒಂದು ಕಾಲಿಟ್ಟು ನಿಂತೆ. ತಲೆಗೆ ಎರಡರಂತೆ ಎಂಟು ಜನಕ್ಕೆ ಹದಿನಾರು. ತೂಕ ಜಾಸ್ತಿ ಬಂದರೆ ನಾನು ಬೇಕೇ ಬೇಕು ಅಂತ ಸುಮ್ಮನಾಗುತ್ತಾರೆ ಅಂದುಕೊಂಡೆ. ಉಪವಾಸ ಮಾಡುತ್ತಾರೆ ಅಂದುಕೊಳ್ಳಲಿಲ್ಲ. ಮಾಡತೊಡಗಿದ ಮೇಲೆ ಹತ್ತು ದಿನ ಇತ್ತು, ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಒಂಬತ್ತನೇ ದಿನ ಮತ್ತೆ ಕಲ್ಲಿಟ್ಟೆ.

ಅಂದು ಸಂಜೆ ಅದನ್ನು ಬಾಗಿಲಿಗೇ ವಾಪಸು ಆನಿಸಿದೆ. ಈಗಲೂ ಅಲ್ಲೇ ಇದೆಯಂತೆ, ಕಾಕಾ ಕೂರುವ ಕುರ್ಚಿಯ ಪಕ್ಕದಲ್ಲಿ.